ಬಡಾವಣೆಯ ಉದ್ಯಾನದಲ್ಲಿ ಬಯಲುಸೀಮೆಯ ಕಾಡನ್ನು ಮರಳಿ ಬೆಳೆಸುವುದು ಹೇಗೆ?

ಬೆಂಗಳೂರಿನ ಉದ್ಯಾನಗಳಲ್ಲಿ ಹೆಚ್ಚಾಗಿ ಕಾಣುವ ಗುಲ್‌ಮೊಹರ್ ಮಡಗಾಸ್ಕರ್‌ನಿಂದಲೂ ಟಬೆಬುಯಾ ಅಮೆರಿಕದ ಉಷ್ಣವಲಯದಿಂದಲೂ ಬಂದವು. ಈ ನೆಲಕ್ಕೆ ಸಹಜವಾದುದು ಬೇಸಿಗೆಯಲ್ಲಿ ಎಲೆ ಉದುರಿಸುವ ಕುರುಚಲು ಕಾಡು. ಅದರ ಸ್ವರೂಪವನ್ನು ಬನ್ನೇರುಘಟ್ಟದಲ್ಲೂ ಸಾವನದುರ್ಗದಲ್ಲೂ ಇಂದಿಗೂ ನೋಡಬಹುದು. ಸಸಿ ಕೊಳ್ಳುವ ಮುನ್ನ ಅಲ್ಲಿಗೆ ಹೋಗಿ, ಬಂಡೆಯ ಬಳಿ ಯಾವ ಗಿಡವಿದೆ, ಹಳ್ಳದ ದಂಡೆಯಲ್ಲಿ ಯಾವುದಿದೆ ಎಂದು ಗುರುತು ಹಾಕಿಕೊಂಡು ಬರುವುದೇ ಮೊದಲ ಕೆಲಸ.

ನಂತರ ಸ್ಥಳೀಯ ಆಡಳಿತದ ತೋಟಗಾರಿಕೆ ವಿಭಾಗದಿಂದ ಲಿಖಿತ ಒಪ್ಪಿಗೆ ಪಡೆದು, ಜನರ ಓಡಾಟ ಕಡಿಮೆಯಿರುವ ಒಂದು ಮೂಲೆಯನ್ನು ಗೊತ್ತುಮಾಡಿಕೊಳ್ಳಬೇಕು. ಈಗಾಗಲೇ ಬೆಳೆದಿರುವ ದೊಡ್ಡ ಮರಗಳು ಪರದೇಶದವಾದರೂ ಅವುಗಳನ್ನು ಉಳಿಸಿಕೊಳ್ಳುವುದೇ ಒಳ್ಳೆಯದು: ಎಳೆಯ ಸಸಿಗಳಿಗೆ ನೆರಳು ಸಿಗುತ್ತದೆ. ಮೇಲಾಗಿ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ.

ತೆಗೆಯಲೇಬೇಕಾದುದು ಲಂಟಾನ ಎಂಬ, ಬೇಗ ಹಬ್ಬುವ ಪರದೇಶದ ಕಳೆಪೊದೆ. ಅದನ್ನು ನೆಲಮಟ್ಟಕ್ಕೆ ಸವರಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಆದ್ದರಿಂದ ಕಾಯಿ ಹಣ್ಣಾಗುವ ಮೊದಲೇ, ಕಾಂಡ ಮತ್ತು ಬೇರು ಕೂಡುವ ಜಾಗಕ್ಕಿಂತ ಕೆಳಗೆ, ಮಣ್ಣಿನೊಳಗೆ ಮೂರರಿಂದ ಐದು ಸೆಂಟಿಮೀಟರ್ ಆಳದಲ್ಲಿ ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿ ಮಗುಚಿ ಒಣಗಲು ಬಿಡಬೇಕು. ಮುಂದಿನ ಮಳೆಗಾಲಗಳಲ್ಲಿ ಹುಟ್ಟುವ ಮರಿಗಳನ್ನು ಕೈಯಿಂದಲೇ ಕೀಳಬಹುದು.

ಸಸಿಗಳ ಆಯ್ಕೆಯಲ್ಲಿ ನೆಲದ ಏರಿಳಿತವನ್ನು ಅನುಸರಿಸಬೇಕು. ಕಲ್ಲುಮಿಶ್ರಿತ ಒಣಭಾಗಕ್ಕೆ ದಿಂಡಿಗ, ಜಾಲರಿ, ಕಗ್ಗಲಿ, ಮುತ್ತುಗ, ಕಕ್ಕೆ. ನೀರು ಇಳಿದು ನಿಲ್ಲುವ ತಗ್ಗಿಗೆ ಹೊಂಗೆ, ನೇರಳೆ, ಹೊಳೆಮತ್ತಿ. ಮರಗಳಷ್ಟೇ ಇದ್ದರೆ ಅದು ತೋಪಾಗುತ್ತದೆಯೇ ಹೊರತು ಕಾಡಾಗುವುದಿಲ್ಲ. ಹಾಗಾಗಿ ನಡುವೆ ತಂಗಡಿ, ಬಂದರಿಕೆ, ಕವಳಿ ಮೊದಲಾದ ಪೊದೆಗಳು ಮರಗಳಿಗಿಂತ ಹೆಚ್ಚಿನ ಸಂಖ್ಯೆಯಲ್ಲಿರಲಿ. ಬೀಜದಿಂದಲೇ ಬೆಳೆಸುವವರು ಬೇವು, ನೇರಳೆಗಳ ಬೀಜವನ್ನು ಕೂಡಿಡದೆ ಬೇಗ ಬಿತ್ತಬೇಕು. ಕಕ್ಕೆಯ ಗಟ್ಟಿ ಬೀಜದ ಸಿಪ್ಪೆಯನ್ನು ಉಪ್ಪುಕಾಗದದಿಂದ ಉಜ್ಜಿ, ನೀರಿನಲ್ಲಿ ನೆನೆಸಿ ಬಿತ್ತಬೇಕು.

ಜೂನ್‌ನಲ್ಲಿ ಒಂದೆರಡು ಹದಮಳೆ ಬಿದ್ದು ನೆಲ ನೆನೆದ ಮೇಲೆ, ಒಂದೂವರೆ ಅಡಿ ಅಗಲ ಮತ್ತು ಆಳದ ಗುಣಿ ತೆಗೆದು ನೆಟ್ಟರೆ, ಬೆಂಗಳೂರಿನಲ್ಲಿ ಮಳೆ ಜೋರಾಗುವ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಬೇರು ಹಿಡಿದಿರುತ್ತದೆ. ಪ್ಲಾಸ್ಟಿಕ್ ಚೀಲದೊಳಗೆ ಸುರುಳಿ ಸುತ್ತಿಕೊಂಡ ಬೇರುಗಳನ್ನು ನೆಡುವಾಗಲೇ ಕತ್ತರಿಸಬೇಕು. ಚದರ ಮೀಟರಿಗೆ ಮೂರು ನಾಲ್ಕು ಸಸಿ ನೆಡುವ ಮಿಯಾವಾಕಿ ಪದ್ಧತಿ ಈಗ ಜನಪ್ರಿಯವಾಗಿದೆ. ಆದರೆ ಬಿಸಿಲು ನೆಲಕ್ಕಿಳಿಯುವ, ಹುಲ್ಲು ಬೆಳೆಯುವ ನಮ್ಮ ಒಣಕಾಡಿಗೆ ಅಷ್ಟು ದಟ್ಟಣೆ ಹೊಂದುವುದಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಮರದಿಂದ ಮರಕ್ಕೆ ಮೂರು ಮೀಟರ್ ಅಂತರವಿರಲಿ.

ಮೊದಲ ಎರಡು ಮೂರು ಬೇಸಿಗೆಗಳಲ್ಲಿ ವಾರಕ್ಕೊಮ್ಮೆ ಪಾತಿ ತುಂಬ ನೀರುಣಿಸಬೇಕು. ಇದಕ್ಕಿಂತಲೂ ಕಷ್ಟದ ಕೆಲಸವೆಂದರೆ ತರಗೆಲೆಯನ್ನು ಗುಡಿಸದಂತೆ ನೋಡಿಕೊಳ್ಳುವುದು. ಉದ್ಯಾನ ಸ್ವಚ್ಛವಾಗಿ ಕಾಣಬೇಕೆಂದು ದಿನವೂ ಗುಡಿಸಿ ಸಾಗಿಸುವ ಆ ಎಲೆಯೇ ಮಣ್ಣಿನ ತೇವ ಕಾಯುವ ಹೊದಿಕೆ, ಎರೆಹುಳು ಗೆದ್ದಲುಗಳ ಆಹಾರ, ಉದುರಿದ ಬೀಜಕ್ಕೆ ಆಸರೆ. ಈ ವಿಷಯವನ್ನು ಗುಡಿಸುವ ಸಿಬ್ಬಂದಿಗೂ ಬೆಳಗಿನ ವಾಯುವಿಹಾರಿಗಳಿಗೂ ತಿಳಿಹೇಳಿ, ಆ ಮೂಲೆಯಲ್ಲಿ ಒಂದು ಫಲಕವನ್ನೂ ಹಾಕಿಸಬೇಕು. ಮೂರನೆಯ ಮಳೆಗಾಲದಲ್ಲಿ ಸತ್ತ ಸಸಿಗಳ ಜಾಗಕ್ಕೆ, ಅದೇ ನೆಲದಲ್ಲಿ ಚೆನ್ನಾಗಿ ಬದುಕಿ ಬಂದ ಜಾತಿಗಳನ್ನೇ ಮತ್ತೆ ನೆಡಬೇಕು.