ಹಳೇ ಪಾಯ, ಹೊಸ ಹಳಿ: ನಮ್ಮ ಪಾರ್ಕಿನ ಕೋಸ್ಟರ್ ಬದಲಿಸಿದ ನನ್ನ ಅನುಭವ

ನಮ್ಮ ಪಾರ್ಕಿನ ಹಳೇ ಫ್ಯಾಮಿಲಿ ರೋಲರ್ ಕೋಸ್ಟರ್ ಕಿತ್ತು ಹೆಚ್ಚುಕಮ್ಮಿ ಅಂಥದ್ದೇ ಇನ್ನೊಂದನ್ನು, ಅದೇ ಜಾಗದಲ್ಲಿ, ಅದೇ ಪಾಯದ ಮೇಲೆ ಕೂರಿಸುತ್ತೇನೆ ಅಂದಾಗ ನಗದವರು ಕಡಿಮೆ. "ದುಡ್ಡು ಹಾಕೋದೇ ಆದ್ರೆ ತಲೆಕೆಳಗಾಗೋ ಲೂಪ್ ತರಬಾರದಾ?" ಅಂದರು ಪಾಲುದಾರರು. "ಹಳೇ ಪಾಯಕ್ಕೆ ಹೊಸ ಹಳಿ ಎಲ್ಲಿ ಕೂರುತ್ತೆ ಸಾರ್" ಅಂದರು ರೈಡ್ ಮಾರಲು ಬಂದವರು. ಈಗ ಏಳು ಮಳೆಗಾಲ ಕಳೆದಿದೆ. ಕೂತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಹಳೇದು ಇಟಲಿಯ ಮಾಲು, ಸೆಕೆಂಡ್ ಹ್ಯಾಂಡ್. ಮಾಡಿದ ಕಂಪನಿ ಯಾವತ್ತೋ ಬಾಗಿಲು ಹಾಕಿದೆ. ಮೂರು ಮಹಡಿ ಎತ್ತರ, ಒಂದೇ ಟ್ರೈನ್, 16 ಸೀಟು. 2016ರ ಮಳೆಗಾಲದಲ್ಲಿ ಡೈ ಟೆಸ್ಟ್ (ಬಣ್ಣ ಹಚ್ಚಿ ಬಿರುಕು ಹುಡುಕೋದು) ಮಾಡುವಾಗ ಎರಡನೇ ಇಳಿಜಾರಿನ ಕೆಳಗೆ, ಹಳಿಗೂ ಅಡ್ಡಪಟ್ಟಿಗೂ ಸೇರುವ ಬೆಸುಗೆಯಲ್ಲಿ, ಬಿಳಿ ಪುಡಿ ಮೇಲೆ ಕೂದಲೆಳೆಯಂಥ ಕೆಂಪು ಗೆರೆ ಮೂಡಿತು. ಉಗುರಿನಷ್ಟು ಉದ್ದ. ಅವತ್ತೇ ರೈಡ್ ನಿಲ್ಲಿಸಿದೆ.

ಮೊದಲ ತಪ್ಪು ನನ್ನದೇ. ಉಜ್ಜಿ ಬೆಸೆದು, ಪಕ್ಕಕ್ಕೊಂದು ಪಟ್ಟಿ ಕೊಟ್ಟೆ. ನಾಲ್ಕು ತಿಂಗಳಿಗೆ ಗೆರೆ ಗೇಣುದ್ದ ಆಚೆ ಬಂತು. ಬೆಸುಗೆ ಗಟ್ಟಿಯಾಯಿತು, ಅದರ ಪಕ್ಕದ ಪೈಪು ಸೋತಿತು. ಎರಡನೇ ತಪ್ಪು ಚಕ್ರದ್ದು. ಆಚೆಯಿಂದ ತರಿಸಿದರೆ ದುಬಾರಿ ಅಂತ ಪೀಣ್ಯದ ಒಂದು ಕಡೆ ಚಕ್ರಕ್ಕೆ ಪಾಲಿಯುರೆಥೇನ್ (ರಬ್ಬರಿನಂಥ ಪ್ಲಾಸ್ಟಿಕ್) ಎರಕ ಹಾಕಿಸಿದೆ. ಮೂರು ವಾರ ಚೆನ್ನಾಗಿತ್ತು. ಏಪ್ರಿಲ್ ಬಿಸಿಲಿಗೆ ಆ ರಬ್ಬರು ಚಕ್ರದ ನಡುವಿನ ಗಟ್ಟಿ ಭಾಗದಿಂದ ಬಾಳೆಹಣ್ಣಿನ ಸಿಪ್ಪೆ ಥರ ಬಿಟ್ಟುಕೊಂಡು ಬಂತು. ಮೂರನೇದು ದೊಡ್ಡದು. ಕೆಟ್ಟ ತಿರುವನ್ನು ಇಲ್ಲೇ ಮಾಡಿಸೋಣ ಅಂತ ಪೈಪ್ ಬಗ್ಗಿಸಿದೆವು. ಬರೀ ಬಾಗಿದ್ದರೆ ಬಗ್ಗಿಸಬಹುದು. ಬಾಗುತ್ತಲೇ ಓರೆಯಾಗುವ ಪೈಪು ಸುಲಭಕ್ಕೆ ಬಗ್ಗಲ್ಲ. ಎರಡು ಸಲ ಮಾಡಿಸಿದರೂ ಕೂರಲಿಲ್ಲ. ನಾಲ್ಕು ಲಕ್ಷ ಹೋಯಿತು. ಆ ಪೈಪುಗಳು ಈಗ ನಮ್ಮ ಸಿಬ್ಬಂದಿಯ ಬೈಕ್ ಶೆಡ್ಡಿಗೆ ಕಮಾನು.

ಆ ವರ್ಷ ಬಿಡಿಭಾಗ, ಟೆಸ್ಟಿಂಗ್ ಎಲ್ಲ ಸೇರಿ 11 ಲಕ್ಷದ ಹತ್ತಿರ. ರೈಡ್ ನಿಂತಿದ್ದ ದಿನಗಳ ಲೆಕ್ಕ 50 ದಾಟಿತ್ತು. ಹಳೇದು ಇನ್ನೂ ಹತ್ತು ವರ್ಷ ಓಡುತ್ತೆ ಅಂತ ವಾದಿಸುತ್ತಿದ್ದ ನಾನೇ ಕೈ ಎತ್ತಿದೆ.

ಹಾಗಾದರೆ ಲೂಪ್ ಯಾಕೆ ಬೇಡ? 2017ರ ನವೆಂಬರಿನಲ್ಲಿ, ಶಾಲಾ ಪ್ರವಾಸದ ಸೀಸನ್ನಿನಲ್ಲಿ, ಎತ್ತರ ಅಳೆಯುವ ಕಂಬದ ಪಕ್ಕ ತಲೆ ಎಣಿಸುವ ಕೌಂಟರ್ ಹಿಡಿದು ಒಂದು ವಾರ ನಿಂತೆ. ಹತ್ತರಲ್ಲಿ ಐದಾರು ಮಕ್ಕಳು 120 ಸೆಂಟಿಮೀಟರ್ ಗೆರೆಗಿಂತ ಕೆಳಗೆ. ನಮ್ಮ ಹಳೇದಕ್ಕೆ ದೊಡ್ಡವರ ಜೊತೆ 100 ಇದ್ದರೆ ಸಾಕಿತ್ತು. ನಮಗೆ ತೋರಿಸಿದ ಲೂಪಿಗೆ 130 ಬೇಕು. ಅಂದರೆ ಮೂರನೇ ಕ್ಲಾಸಿನವರು ಕೆಳಗೆ ನಿಂತು ಬ್ಯಾಗ್ ಕಾಯಬೇಕು. ಒಬ್ಬ ಟೀಚರಮ್ಮ ನೇರವಾಗಿ ಕೇಳಿದರು, "ಅರ್ಧ ಮಕ್ಕಳು ಹತ್ತಿ ಅರ್ಧ ಮಕ್ಕಳು ಅಳೋದಾದ್ರೆ ಇಲ್ಲಿಗ್ಯಾಕೆ ಕರ್ಕೊಂಡು ಬರಲಿ?" ವಾರದ ದಿನಗಳಲ್ಲಿ ನಮ್ಮ ಅನ್ನ ಆ ಬಸ್ಸುಗಳೇ ಅಲ್ವಾ?

ಪಾಲುದಾರರಿಗೆ ಇದು ಸಾಲಲಿಲ್ಲ. ಹೊರದೇಶದ ಉದಾಹರಣೆ ಬೇಕಂತೆ. ನೆದರ್‌ಲ್ಯಾಂಡ್ಸಿನ ಎಫ್ಟೆಲಿಂಗ್ ಪಾರ್ಕ್ ತೋರಿಸಿದೆ. ಅಲ್ಲಿನ ಪೈಥಾನ್ ಅನ್ನೋ ಕೋಸ್ಟರ್ 1981ರದ್ದು. ನಾನು ಈ ಜಗಳದಲ್ಲಿದ್ದಾಗಲೇ ಅವರು ಸ್ಟೇಷನ್ನು, ಟ್ರೈನನ್ನು ಮೇಲಕ್ಕೆಳೆಯುವ ಲಿಫ್ಟು ಉಳಿಸಿಕೊಂಡು ಮಿಕ್ಕ ಹಳಿಯನ್ನೆಲ್ಲ ಅದೇ ನಕ್ಷೆಯಲ್ಲಿ ಹೊಸದಾಗಿ ಹಾಕಲು ಹೊರಟಿದ್ದರು, 2018ರಲ್ಲಿ ಮತ್ತೆ ತೆರೆದರು. ಅದರಲ್ಲಿ ಲೂಪ್ ಇದೆ ನಿಜ, ನಾನು ತೋರಿಸಿದ್ದು ಹಳೇದನ್ನೇ ಹೊಸದಾಗಿಸೋ ಲೆಕ್ಕಾಚಾರ. ಆಮೇಲೆ ಅದೇ ಪಾರ್ಕು 1985ರ ಬಾಬ್‌ಸ್ಲೆಡ್ ಕೋಸ್ಟರ್ ತೆಗೆದು, 2020ರಲ್ಲಿ ಅದೇ ಜಾಗದಲ್ಲಿ ಮ್ಯಾಕ್ಸ್ ಅಂಡ್ ಮೊರಿಟ್ಸ್ ಅನ್ನೋ ಫ್ಯಾಮಿಲಿ ಜೋಡಿ ಕೋಸ್ಟರ್ ಹಾಕಿತು. ಆ ಸುದ್ದಿಯನ್ನು ಎಲ್ಲರ ಫೋನಿಗೂ ಕಳಿಸಿದೆ, ಸುಮ್ನೆ ಬಿಡಲಿಲ್ಲ. ಇನ್ನು ಕೋಸ್ಟರ್ ಮಾಡುವ ಡಚ್ ಕಂಪನಿ ವೆಕೋಮಾದವರು 335 ಮೀಟರಿನ ಒಂದೇ ಜೂನಿಯರ್ ಕೋಸ್ಟರ್ ನಕ್ಷೆಯನ್ನು ಎಷ್ಟೋ ಪಾರ್ಕುಗಳಿಗೆ ಮಾರಿದ್ದಾರೆ. ಜನ ಬಂದು "ಇದು ಅಲ್ಲಿಯೂ ಇದೆಯಲ್ಲ" ಅಂತ ವಾಪಸ್ ಹೋಗಲ್ಲ.

2018ರ ಜನವರಿಯಲ್ಲಿ ಪಾರ್ಕ್ ಟಿಕೆಟ್ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಯಜಮಾನರ ಮುಖ ಸ್ವಲ್ಪ ಸಡಿಲವಾಯಿತು. ಆ ವಾರವೇ ಸಹಿ ಹಾಕಿಸಿಕೊಂಡೆ.

ಯುರೋಪಿನ ಹೊಸ ಮಾಲು ನಮ್ಮ ಕೈಗೆ ಎಟುಕುವಂತಿರಲಿಲ್ಲ. ಬೇರೆ ಕಡೆಯಿಂದ ತಂದೆವು, ಬಂದರಿಗೆ ಬರುವ ಹೊತ್ತಿಗೆ ಒಂದೂವರೆ ಕೋಟಿ ಚಿಲ್ಲರೆ. ಅದರ ಜೊತೆ ಬಂದ ನಕ್ಷೆಯ ಪ್ರಕಾರ ಹೊಸ ಪಾಯಕ್ಕೆ ಕಂಟ್ರಾಕ್ಟರ್ ಕೊಟ್ಟ ಕೊಟೇಶನ್ 38 ಲಕ್ಷ, ನಾಲ್ಕು ತಿಂಗಳು. ನಮ್ಮ ಕೆಳಗೆ ಅರ್ಧಕ್ಕರ್ಧ ಬಂಡೆ. ಸಿಡಿಸೋಣ ಅಂದರೆ ಪಕ್ಕದಲ್ಲೇ ನೀರಿನ ಕೊಳ.

ಹಳೇ ಪಾಯ 34 ಇದ್ದವು. ಎಲ್ಲಕ್ಕೂ ಕೋರ್ ತೆಗೆಸಿದೆ, ಅಂದರೆ ಕಾಂಕ್ರೀಟ್ ಕೊರೆದು ತುಂಡು ತೆಗೆದು ನೋಡಿಸಿದೆ. 21 ಗಟ್ಟಿ. ಏಳರಲ್ಲಿ ಬೋಲ್ಟು ಒಳಗೇ ತಿಂದುಹೋಗಿತ್ತು. ಉಳಿದವು ಹೊಸ ಕಂಬದ ಜಾಗಕ್ಕೆ ಹೊಂದುತ್ತಿರಲಿಲ್ಲ. ಹೊಸ ಕಂಬಗಳು ಹಳೇ ಪಾಯದಿಂದ ಅಡಿ, ಎರಡಡಿ ಆಚೆ ಈಚೆ ಬರುತ್ತಿದ್ದವು. ಅಗೆಯೋ ಬದಲು ಎರಡು ಮೂರು ಪಾಯಗಳನ್ನು ಸೇರಿಸಿ ಮೇಲೊಂದು ಉಕ್ಕಿನ ಚೌಕಟ್ಟು ಕೂರಿಸಿ, ಕಂಬವನ್ನು ಆ ಚೌಕಟ್ಟಿಗೆ ಕಟ್ಟಿದೆವು. ಲೋಡಿನ ಲೆಕ್ಕ ಸ್ಟ್ರಕ್ಚರಲ್ ಎಂಜಿನಿಯರದ್ದು, ಅದರಲ್ಲಿ ಜುಗ್ಗತನ ಮಾಡಬೇಡಿ. ಆರು ಕಡೆ ಹೊಸದಾಗಿ ಅಗೆಯಲೇಬೇಕಾಯಿತು. ಒಟ್ಟು 15 ಲಕ್ಷದೊಳಗೆ ಮುಗಿಯಿತು. ಕಂಬದ ತಲೆಗಳನ್ನು ಎರಡು ಮಿಲಿಮೀಟರಿನೊಳಗೆ ತಂದಿದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಯಾವ ಬೋಲ್ಟು ಮೊದಲು, ಯಾವುದು ಆಮೇಲೆ ಅನ್ನೋದರಲ್ಲಿದೆ. ಅಷ್ಟು ಸಾಕು.

ಕ್ರಿಸ್‌ಮಸ್‌ಗೆ ತೆರೆಯಬೇಕಿತ್ತು. ಆಗಲಿಲ್ಲ. ಕೋಸ್ಟರ್ ಇಲ್ಲದೆ ಒಂದು ಶಾಲಾ ಸೀಸನ್ ಹೋಯಿತು, ಆ ನಷ್ಟ ನನ್ನ ಲೆಕ್ಕದಲ್ಲಿ ಇರಲಿಲ್ಲ. 2019ರ ಜನವರಿಯಲ್ಲಿ ಟೆಸ್ಟ್ ಶುರು. ಜನರ ಬದಲು ನೀರಿನ ಕ್ಯಾನ್ ಕೂರಿಸಿದೆವು. ಮೂರನೇ ಸುತ್ತಿಗೆ ಎರಡು ಒಡೆದು, ಬ್ರೇಕ್ ಪಟ್ಟಿಯೆಲ್ಲ ಒದ್ದೆಯಾಗಿ ಟ್ರೈನ್ ಸ್ಟೇಷನ್ ದಾಟಿ ನಿಂತಿತು. ಆಮೇಲೆ ಎಂ-ಸ್ಯಾಂಡ್ ಚೀಲ ತಂದೆವು.

ಒಂದು ಬೆಳಿಗ್ಗೆ ಆರೂವರೆ. ಮಂಜು. ಚೀಲ ಇಲ್ಲದೆ ಖಾಲಿ ಟ್ರೈನ್ ಬಿಟ್ಟೆವು. ಕೊನೆಯ ಗುಡ್ಡ ಹತ್ತುತ್ತಾ ಹತ್ತುತ್ತಾ ನೆತ್ತಿಗೆ ಒಂದು ಮಾರು ಇದ್ದಾಗ ನಿಂತು, ಹಿಂದಕ್ಕೆ ಜಾರಿ, ತೂಗಿ ತೂಗಿ ತಗ್ಗಿನಲ್ಲಿ ಕೂತಿತು. ಯಾರೂ ಮಾತಾಡಲಿಲ್ಲ. ಚೈನ್ ಪುಲ್ಲಿ ಕಟ್ಟಿ ಎಳೆಯೋಕೆ ಮೂರು ಗಂಟೆ. ಅದೇ ಟ್ರೈನ್ ಹತ್ತು ಗಂಟೆಯ ಬಿಸಿಲಿಗೆ ಸರಾಗವಾಗಿ ಸುತ್ತಿತು. ಚಳಿಗೆ ಚಕ್ರವೂ ಗ್ರೀಸೂ ಬಿಗಿ, ಖಾಲಿ ಟ್ರೈನಿಗೆ ತೂಕವಿಲ್ಲ. ಗ್ರೀಸ್ ಬದಲಿಸಿದೆ. ಚಳಿಗಾಲದ ಬೆಳಿಗ್ಗೆ ಚೀಲ ತುಂಬಿ ನಾಲ್ಕು ಸುತ್ತು ಬೆಚ್ಚಗೆ ಮಾಡಿದ ಮೇಲೇ ಖಾಲಿ ಸುತ್ತು, ಆಮೇಲೆ ಜನ. ಇವತ್ತಿಗೂ ಅದೇ ನಿಯಮ.

ಉಳಿದ ಎಂ-ಸ್ಯಾಂಡಿನಲ್ಲಿ ಒಂದು ತಮಾಷೆ ಮಾಡಿದೆ. ಉಕ್ಕಿನ ಒಳಗೆ ಮರಳು ತುಂಬಿದರೆ ಸದ್ದು ಕಮ್ಮಿಯಾಗುತ್ತೆ ಅಂತ ನಿಮಗೂ ಗೊತ್ತು. ಎಂಜಿನಿಯರ್ ಹತ್ತಿರ ಒಪ್ಪಿಗೆ ಪಡೆದು ಎರಡು ಕಂಬಕ್ಕೆ ತುಂಬಿಸಿದೆ. ಕಿವಿಗೆ ಗೊತ್ತಾಗುವಷ್ಟು ಕಮ್ಮಿಯಾಯಿತು. ಆದರೆ ಮಳೆಗಾಲದಲ್ಲಿ ಕೆಳಗಿನ ನೀರು ಹೋಗುವ ತೂತು ಮರಳಿನಿಂದ ಕಟ್ಟಿಕೊಂಡು ಒಳಗೆ ತುಕ್ಕು ಶುರು. ಎಲ್ಲ ಸುರಿಸಿದೆ. ಒಣ ಮರಳು, ಮೇಲೆ ಭದ್ರ ಮುಚ್ಚಳ ಇದ್ದರೆ ಮಾತ್ರ ಕೈ ಹಾಕಿ.

ಏಪ್ರಿಲ್ 2019ಕ್ಕೆ ತೆರೆದೆವು. ಬರೋಬ್ಬರಿ ಹನ್ನೊಂದು ತಿಂಗಳಿಗೆ ಲಾಕ್‌ಡೌನ್. ಟ್ರೈನನ್ನು ಜಾಕ್ ಮೇಲೆ ಎತ್ತಿ ನಿಲ್ಲಿಸಿದ್ದಕ್ಕೆ ಚಕ್ರ ಉಳಿಯಿತು. ಮರೆತು ಹಾಗೇ ಬಿಟ್ಟ ಒಂದು ಸ್ಪೇರ್ ಬೋಗಿಯ ಚಕ್ರ ಒಂದು ಕಡೆ ಚಪ್ಪಟೆ. ಆಮೇಲೆ ಓಡಿಸಿದರೆ ದಡ್ ದಡ್ ಅಂತ ಎತ್ತಿನ ಗಾಡಿ.

ಎಲ್ಲ ಸೇರಿ ಎರಡು ಕೋಟಿ ಹತ್ತು ಲಕ್ಷದ ಆಸುಪಾಸು. ಲೂಪಿಗೆ ಹೇಳಿದ್ದು ಒಂಬತ್ತು ಕೋಟಿ, ಪಾಯ ಬೇರೆ. ಗೇಟ್ ಟಿಕೆಟ್ಟಿನಲ್ಲೇ ಎಲ್ಲ ಇರುವಾಗ ಒಂದು ರೈಡ್ ಎಷ್ಟು ದುಡಿಯಿತು ಅಂತ ಹೇಳೋದು ಕಷ್ಟ. ನಾನು ಶಾಲಾ ಬಸ್ ಎಣಿಸುತ್ತೇನೆ. ನಿಂತ ದಿನ ವರ್ಷಕ್ಕೆ ಎಂಟೋ ಒಂಬತ್ತೋ. ಬಿಡಿಭಾಗದ ಖರ್ಚು ಮೂರು ಲಕ್ಷ ದಾಟಿಲ್ಲ. ಎರಡೂವರೆ ನಿಮಿಷಕ್ಕೊಂದು ಸುತ್ತು, ಗಂಟೆಗೆ ಪೇಪರಿನಲ್ಲಿ 380 ಜನ, ನಿಜದಲ್ಲಿ 300. ಚಪ್ಪಲಿ ಬಿಚ್ಚಿಸೋದರಲ್ಲೇ ಉಳಿದ 80 ಹೋಗುತ್ತೆ.

ಪಾಯ ಕೂರಲ್ಲ ಅಂದಿದ್ದವರಲ್ಲಿ ಒಬ್ಬರು ಹೋದ ತಿಂಗಳು ಇನ್ನೊಂದು ಪಾರ್ಕಿನವರನ್ನು ಕರೆದುಕೊಂಡು ಬಂದರು. ಅವರದ್ದೂ ಹಳೇ ಕೋಸ್ಟರ್, ಬಿರುಕು ಬೇರೆ. ಟೇಪ್ ಹಿಡಿದು ಚೌಕಟ್ಟುಗಳನ್ನೆಲ್ಲ ಅಳೆದರು. ಊಟ ಹಾಕಿಸಿ, ಡ್ರಾಯಿಂಗಿನ ನಕಲು ಕೊಟ್ಟು ಕಳಿಸಿದೆ. ಬೋಲ್ಟ್ ಬಿಗಿಯುವ ಕ್ರಮ ಬರೆದ ಹಾಳೆ ಮಾತ್ರ ಡ್ರಾಯರಿನಲ್ಲೇ ಇದೆ.