ಅಂಗನವಾಡಿ ಮಕ್ಕಳ ಕೈಲಿ ಅವರೆಕಾಯಿ ಸುಲಿಸಿದ್ದು: ನನ್ನ ಅನುಭವ

ನಾನು ಮೈಸೂರು ಕಡೆ ಒಂದು ಹಳ್ಳೀಲಿ ಅಂಗನವಾಡಿ ಟೀಚರ್. 3ರಿಂದ 6 ವರ್ಷದ 18 ಮಕ್ಕಳಿದ್ದಾರೆ. ದಿನಾ ಬಿಸಿಯೂಟ. 2013ರ ಆಹಾರ ಭದ್ರತಾ ಕಾಯ್ದೇಲಿ ಈ ವಯಸ್ಸಿನ ಮಗುಗೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಅಂತ ಬರೆದಿದ್ರು, ನಮ್ಮ ಪುಸ್ತಕದಲ್ಲೂ ಲೆಕ್ಕ ಸರಿಯಾಗೇ ಇರ್ತಿತ್ತು, ಆದ್ರೆ ಊಟ ಆದ್ಮೇಲೆ ನೋಡಿದ್ರೆ ನುಗ್ಗೆಸೊಪ್ಪೆಲ್ಲ ತಟ್ಟೆ ಅಂಚಲ್ಲಿ. ಸಾಂಬಾರಿಂದ ಒಂದೊಂದೇ ಎಲೆ ಆರಿಸಿ ಪಕ್ಕಕ್ಕೆ ಇಡೋವಷ್ಟು ತಾಳ್ಮೆ ಈ ಮಕ್ಕಳಿಗಿದೆ ಅಂದ್ರೆ ಅದೇ ಎಲೆ ಬಿಡಿಸೋ ಕೆಲಸ ಇವ್ರಿಗೇ ಯಾಕೆ ಕೊಡ್ಬಾರ್ದು ಅನ್ನಿಸ್ತು.

ಶುರು ಮಾಡಿದ್ದು ಡಿಸೆಂಬರಲ್ಲಿ, ಅವರೆಕಾಯಿ ಕಾಲ. ಚಾಪೆ ಹಾಸಿ ಕಾಯಿ ಸುರಿದ್ವಿ, ಸುಲೀತಾ ಸುಲೀತಾ ರೂಮೆಲ್ಲ ಸೊಗಡು ವಾಸನೆ, ಕೈ ಮೂಸಿ ಮೂಸಿ ನೋಡ್ಕೊಳ್ಳೋರು. ಕಾಳು ರಾತ್ರಿ ನೆನೆಹಾಕಿ ಮಾರನೇ ದಿನ ಹಿದುಕೋಕೆ ಕೊಟ್ರೆ ಬೇಳೆ ಪುಚಕ್ ಅಂತ ಹಾರಿ ಎದುರುಗಡೆ ಕೂತಿರೋ ಮಗು ತಲೆ ಮೇಲೆ! ಅವತ್ತು ಹಿದುಕಿದವರೆ ಸಾರು ಮಿಗಲೇ ಇಲ್ಲ. ತರಕಾರಿ ಕಂಡ್ರೆ ಬಾಯೇ ತೆಗೀದ ನಾಲ್ಕು ವರ್ಷದ ಹುಡುಗ ಒಬ್ಬ 'ಇದು ನಾನ್ ಸುಲ್ದಿದ್ದು' ಅಂತ ಪಕ್ಕದೋಳಿಗೆ ತೋರಿಸ್ಕೊಂಡು ತಿಂದ.

ಅದೇ ವಾರ ಮೂರು ವರ್ಷದ ಮಗು ಒಂದು ಕಾಳನ್ನ ಮೂಗಿಗೆ ಹಾಕ್ಕೊಂಡುಬಿಡ್ತು. ನನ್ನ ಕೈಕಾಲೇ ಆಡ್ಲಿಲ್ಲ. ಪಿನ್ನು ಬೆರಳು ಏನೂ ಹಾಕೋಕೆ ಹೋಗ್ದೆ ಸೀದಾ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ, ಡಾಕ್ಟರ್ ತೆಗೆದ್ರು. ತಪ್ಪು ನಂದೇ, 18 ಮಕ್ಕಳನ್ನೂ ಒಟ್ಟಿಗೆ ಕೂರಿಸಿದ್ದೆ. ಈಗ ಒಂದ್ಸಲಕ್ಕೆ ನಾಲ್ಕೇ ಮಕ್ಕಳು, ನಾನು ಎದುರಲ್ಲೇ ಕೂತಿರ್ತೀನಿ. ಚಿಕ್ಕೋರ ಕೈಗೆ ಕಾಳು, ಕಡ್ಲೇಬೀಜ ಏನೂ ಕೊಡಲ್ಲ, ನುಗ್ಗೆಸೊಪ್ಪು, ಕರಿಬೇವು ಬಿಡಿಸೋದು ಅವ್ರ ಕೆಲಸ. ಒಲೆ ಇರೋ ಕಡೆ ಯಾರೂ ಹೋಗಂಗಿಲ್ಲ, ಅದು ನಮ್ಮ ಸಹಾಯಕಿ ಅಕ್ಕನ ಜಾಗ. ಸೋಮವಾರ ಉಗುರು ನೋಡ್ತೀವಿ, ಕೂರೋ ಮುಂಚೆ ಸೋಪಲ್ಲಿ ಕೈ ತೊಳೀಲೇಬೇಕು.

ಹೆಸರುಕಾಳನ್ನ ದೊಡ್ಡ ಮಕ್ಕಳೇ ನೀರಿಗೆ ಹಾಕ್ತಾರೆ, ಬಟ್ಟೇಲಿ ಕಟ್ಟಿ ಮಾರನೇ ದಿನ ಬಿಚ್ಚಿದಾಗ ಬಾಲ ಬಂದಿದೆಯಾ ಅಂತ ತಳ್ಳಾಟ. ಮೊಳಕೇನ ಹಸೀದು ಕೊಡಲ್ಲ, ಸ್ವಲ್ಪ ಬೇಯಿಸಿ ಕ್ಯಾರೆಟ್ ತುರಿ ಹಾಕ್ತೀವಿ, ನಿಂಬೆಹಣ್ಣು ಹಿಂಡೋಕೆ ದೊಡ್ಡ ಮಕ್ಕಳು. ಕಾಳು, ಸೊಪ್ಪಲ್ಲಿರೋ ಕಬ್ಬಿಣದಂಶ ಮೈಗೆ ಹಿಡಿಯೋಕೆ ನಿಂಬೆ ಹುಳಿ ಒಳ್ಳೇದು, ಅದಕ್ಕೇ ತಪ್ಪಿಸಲ್ಲ.

ಒಂದಿನ ಒಬ್ರು ಅಜ್ಜಿ ಬಂದು 'ಯಾರ್ ಯಾರೋ ಮುಟ್ಟಿದ್ದನ್ನ ನಮ್ ಕೂಸು ತಿನ್ಬೇಕಾ ಟೀಚ್ರೇ' ಅಂದ್ರು. ಯಾವ ಮಗು ಬಗ್ಗೆ ಹೇಳ್ತಿದ್ದಾರೆ ಅಂತ ನಂಗೆ ಗೊತ್ತಾಯ್ತು, ಆ ಮಗು ಅಲ್ಲೇ ಕೂತು ಸೊಪ್ಪು ಬಿಡಿಸ್ತಿತ್ತು. 'ಅವ್ವಾ, ಎಲ್ರೂ ಒಂದೇ ಸೋಪಲ್ಲಿ ಕೈ ತೊಳ್ದವ್ರೆ, ಬನ್ನಿ, ನೀವೂ ಒಂದಿಡಿ ಬಿಡಿಸಿ' ಅಂದೆ. ಸಿಟ್ಟಾಗಿ ಹೋದ್ರು, ಮೂರು ದಿನ ಮೊಮ್ಮಗಳನ್ನ ಕಳಿಸ್ಲಿಲ್ಲ. ನಾನು ಪಂಕ್ತಿ ಬದಲಾಯಿಸ್ಲಿಲ್ಲ, ಬದಲಾಯಿಸೋ ಮಾತೇ ಇಲ್ಲ, ಮೂರು ವರ್ಷದ ಮಗುಗೆ ಆ ಪಾಠ ನಾನು ಕಲಿಸಲ್ಲ. ಮೂರನೇ ದಿನ ಸಂಜೆ ಅವ್ರ ಮನೆಗೆ ಹೋದೆ, ಮಗು 'ಇವತ್ತು ಬಡಿಸೋ ಸರದಿ ನಂದು' ಅಂತ ಬೆಳಗ್ಗಿಂದ ಅಳ್ತಿತ್ತಂತೆ. ಮಾರನೇ ದಿನ ಕಳಿಸಿದ್ರು. ಅಜ್ಜಿ ಇವತ್ತಿಗೂ ಗೇಟಿಂದ ಒಳಗೆ ಬರಲ್ಲ, ಆದ್ರೆ ಮೊಮ್ಮಗಳನ್ನ ತಡೆಯಲ್ಲ.

ಬಡಿಸೋದು ದಿನಾ ಇಬ್ರು. ಸಾಂಬಾರ್ ಬಿಸಿ ಅಲ್ವಾ, ಅದು ಅಕ್ಕಂದೇ, ಮಕ್ಕಳು ತಟ್ಟೆ ಹಂಚ್ತಾರೆ, ಪಲ್ಯ, ಕೋಸಂಬರಿ ಬಡಿಸ್ತಾರೆ. 'ಒಂದ್ ಚಮಚಾನಾ, ಅರ್ಧಾನಾ?' ಅಂತ ಕೇಳೇ ಹಾಕ್ಬೇಕು. ಬೇಡ ಅಂದ ಮಗುಗೆ ನಾವ್ಯಾರೂ ತುರುಕಲ್ಲ, ಚೂರು ತಟ್ಟೇಲಿರತ್ತೆ ಅಷ್ಟೇ. ಎಲ್ರಿಗೂ ಬಡಿಸೋವರೆಗೂ ಯಾರೂ ಕೈ ಹಾಕಲ್ಲ, ಕೊನೇಗೆ ಬಡಿಸಿದೋರ ತಟ್ಟೆಗೆ ಉಳಿದೋರು ಬಡಿಸ್ತಾರೆ.

ಮೊಟ್ಟೆ ದಿನ ಕೆಲಸ ಜಾಸ್ತಿ. ಬೇಯಿಸಿ ತಣ್ಣೀರಿಗೆ ಹಾಕಿ ಲೈಟಾಗಿ ತಟ್ಟಿ ಕೊಟ್ರೆ ಐದು ವರ್ಷದೋರು ತಾವೇ ಸುಲೀತಾರೆ, ಚಿಕ್ಕೋರಿಗೂ ಸುಲಿದುಕೊಡ್ತಾರೆ. ಸಿಪ್ಪೆನ ಮಕ್ಕಳೇ ತಗೊಂಡೋಗಿ ಪುಡಿಮಾಡಿ ಹಿತ್ತಲ ನುಗ್ಗೆಗಿಡದ ಬುಡಕ್ಕೆ ಹಾಕಿ ಬರ್ತಾರೆ.