ಕಲ್ಕತ್ತಾದಿಂದ 22 ಕಿಲೋ ಪುಸ್ತಕ ತಂದಿದ್ದು ಹೀಗೆ

ಕಲ್ಕತ್ತಾಕ್ಕೆ ರೈಲಿನ ಸ್ಲೀಪರಿನಲ್ಲಿ ಹೋಗ್ತೀನಿ, ಕೊಂಡ ಪುಸ್ತಕ ಎಲ್ಲ ಅಂಚೆಗೆ ಹಾಕ್ತೀನಿ ಅಂದಾಗ ಗೆಳೆಯರು ಯಾರೂ ಒಪ್ಪಲಿಲ್ಲ. ವಿಮಾನದಲ್ಲಿ ಹೋಗಿ ನಾಲ್ಕು ಪುಸ್ತಕ ತಗೊಂಡು ಬಾ, ಮಿಕ್ಕಿದ್ದು ಆನ್‌ಲೈನಿನಲ್ಲಿ ತರಿಸು ಅಂದರು. 2023ರ ಜನವರಿಯಲ್ಲಿ ನನ್ನ ದಾರಿಯಲ್ಲೇ ಹೋಗಿ ಬಂದೆ. ಐದು ಕಟ್ಟುಗಳೂ ಮನೆ ಮುಟ್ಟಿದವು.

ಬಿ. ವೆಂಕಟಾಚಾರ್ಯರು ಬಂಗಾಳಿ ಕಾದಂಬರಿಕಾರ ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದ ಕಾಲದಿಂದ ಕಲ್ಕತ್ತಾ ನಮಗೆ ಪಕ್ಕದ ಊರಿನ ಹಾಗೆ, ಅಲ್ವಾ? ತಾಲ್ಲೂಕು ಲೈಬ್ರರಿಯಲ್ಲಿ ಕೂತು ಆ ಗಲ್ಲಿಗಳಲ್ಲೆಲ್ಲ ಓಡಾಡಿದ್ದೆ. ನಿಜವಾಗಿ ಹೋಗೋಕೆ ಮಾತ್ರ ಇಪ್ಪತ್ತು ವರ್ಷ ಬೇಕಾಯ್ತು, ಅದರಲ್ಲಿ ಎರಡು ಸಲ ಟಿಕೆಟ್ ಮಾಡಿಸಿ ರದ್ದು ಮಾಡಿದ್ದೂ ಸೇರಿದೆ.

ಮೊದಲ ತಪ್ಪು ಭಾನುವಾರ ಇಳಿದಿದ್ದು. ಹೌರಾದಲ್ಲಿ ಇಳಿದವನೇ ಲಾಡ್ಜಿಗೂ ಹೋಗದೆ, ಬ್ಯಾಗ್ ಹೆಗಲ ಮೇಲೇ ಇಟ್ಟುಕೊಂಡು ಸೀದಾ ಪುಸ್ತಕದಂಗಡಿಗಳ ಬೀದಿ ಕಾಲೇಜ್ ಸ್ಟ್ರೀಟಿಗೆ ಹೋದೆ. ಉದ್ದಕ್ಕೂ ಬಾಗಿಲು ಹಾಕಿತ್ತು. ಪ್ರೆಸಿಡೆನ್ಸಿ ಕಾಲೇಜಿನ ಗೋಡೆಗೆ ಅಂಟಿಕೊಂಡ ಪೆಟ್ಟಿಗೆ ಅಂಗಡಿಗಳಿಗೆಲ್ಲ ನೀಲಿ ಟಾರ್ಪಾಲು, ಹಗ್ಗ. ಟಾರ್ಪಾಲಿನ ಸಂದಿಯಲ್ಲಿ ಪುಸ್ತಕದ ಬೆನ್ನುಗಳು ಕಾಣ್ತಿದ್ದವು, ಮುಟ್ಟೋ ಹಾಗಿರಲಿಲ್ಲ. ಭಾನುವಾರ ಅಲ್ಲಿ ಹೆಚ್ಚುಕಡಿಮೆ ಎಲ್ಲ ರಜೆ.

ಎರಡನೇ ತಪ್ಪು ಸೋಮವಾರದ್ದು. ಬೀದಿಗೆ ಮುಖ ಮಾಡಿದ ಅಂಗಡಿಗಳಲ್ಲೇ ಸುಮ್ನೆ 1,200 ರೂಪಾಯಿ ಖಾಲಿ ಮಾಡಿದೆ. ಅಲ್ಲಿರೋದು ಜಾಸ್ತಿ ಪಠ್ಯಪುಸ್ತಕ, ಪರೀಕ್ಷೆಯ ಗೈಡು. ಹಳೇ ಸಾಹಿತ್ಯ ಬೇಕಾದರೆ ಒಳಗಲ್ಲಿಗೆ ನುಗ್ಗಬೇಕು. ಆಮೇಲೆ ಒಂದು ದಿನ ಪೂರ್ತಿ ಏನೂ ಕೊಳ್ಳದೆ ನೋಟ್‌ಬುಕ್ ಹಿಡಿದು ತಿರುಗಿದೆ. ಯಾವ ಅಂಗಡಿ, ಯಾವ ಪುಸ್ತಕ, ಎಷ್ಟು ಹೇಳಿದರು, ಅಷ್ಟೇ ಬರೆದುಕೊಂಡೆ. ನನ್ನ ಮಟ್ಟಿಗೆ ಇಡೀ ವಿಧಾನ ಅಂದರೆ ಆ ಒಂದು ದಿನ. ಬುಧವಾರ ಅದೇ ಪಟ್ಟಿ ಹಿಡಿದು ಹೋದಾಗ ಬೆಲೆ ಮೂರರಲ್ಲಿ ಒಂದು ಪಾಲು ಇಳೀತು. ಹೇಗೆ ಕೇಳಿದೆ ಅನ್ನೋದನ್ನೂ, ಕೊನೆಯಲ್ಲಿ ಸಿಕ್ಕ ಮೆಟ್ಟಿಲ ಕೆಳಗಿನ ಅಂಗಡಿಯ ವಿಳಾಸವನ್ನೂ ಇಲ್ಲಿ ಬರೆಯಲ್ಲ. ಅಲ್ಲಿಗೆ ನಾನು ಮತ್ತೆ ಹೋಗಬೇಕು.

ಹೋಗೋ ಮೊದಲು ಎರಡು ತಿಂಗಳು ಬಂಗಾಳಿ ಅಕ್ಷರ ಕಲಿತಿದ್ದೆ, ಅಂಕಿ ಕಲಿತಿರಲಿಲ್ಲ. ಅವರ ನಾಲ್ಕು ನೋಡೋಕೆ ನಮ್ಮ ಕಣ್ಣಿಗೆ ಇಂಗ್ಲಿಷಿನ 8, ಏಳು 9ರ ಹಾಗೆ. ಒಂದು ಪುಸ್ತಕದಲ್ಲಿ ಪೆನ್ಸಿಲಿನ ಬೆಲೆ 80 ಅಂದುಕೊಂಡು ಅಷ್ಟೂ ಕೊಟ್ಟೆ. ಅಂಗಡಿಯ ಅಜ್ಜ ಏನೂ ಮಾತಾಡದೆ 40 ನನ್ನ ಕೈಗೇ ವಾಪಸ್ ಇಟ್ಟರು. ಮೊದಲ ಪುಟದಲ್ಲಿ ಬಂಗಾಳಿ ವರ್ಷ ಇದ್ದರೆ 593 ಕೂಡಿಸಿ, ಹೆಚ್ಚುಕಡಿಮೆ ನಮ್ಮ ಇಸವಿ ಸಿಗುತ್ತೆ. ನನಗೆ ಸಿಕ್ಕ ಒಂದರಲ್ಲಿ 1368 ಅಂತಿತ್ತು. ಅಂದರೆ 1961, ಟ್ಯಾಗೋರರ ಶತಮಾನೋತ್ಸವದ ವರ್ಷ! ಕೈ ನಡುಗಿತು.

ಮಧ್ಯಾಹ್ನಗಳೆಲ್ಲ ಕಾಲೇಜ್ ಸ್ಟ್ರೀಟಿನ ಕಾಫಿ ಹೌಸಿನಲ್ಲಿ. ಹಾಲಿಲ್ಲದ ಕಾಫಿಗೆ ಅಲ್ಲಿ ಇನ್ಫ್ಯೂಷನ್ ಅಂತಾರೆ. ನಮ್ಮ ಫಿಲ್ಟರ್ ಕಾಫಿಯ ರುಚಿ ಅದಕ್ಕಿಲ್ಲ, ಆದರೆ ಆ ಎತ್ತರದ ಚಾವಣಿಯ ಕೆಳಗೆ ಎರಡು ಗಂಟೆ ಕೂತರೂ ಯಾರೂ ಎಬ್ಬಿಸಲ್ಲ. ಕೊಂಡ ಪುಸ್ತಕ ಒಂದೊಂದಾಗಿ ಬಿಚ್ಚಿ, ಹರಿದ ಪುಟ ಇದೆಯಾ ನೋಡೋಕೆ ಅದಕ್ಕಿಂತ ಒಳ್ಳೇ ಜಾಗ ನನಗೆ ಸಿಗಲಿಲ್ಲ.

ಇನ್ನು ಅಂಚೆ. ಆಗ ಪುಸ್ತಕಕ್ಕೇ ಅಂತ ಕಡಿಮೆ ದರದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಇತ್ತು. ಒಂದು ಕಟ್ಟಿಗೆ 5 ಕಿಲೋ ಮಿತಿ, ಸುಮಾರು 80 ರೂಪಾಯಿ. ಮೊದಲ ಕಟ್ಟನ್ನು ಬಟ್ಟೆ ಸುತ್ತಿ ನಾಲ್ಕೂ ಕಡೆ ಹೊಲಿದು ಒಯ್ದಿದ್ದೆ, ಕೌಂಟರಿನಲ್ಲಿ ತಗೊಳ್ಳಲಿಲ್ಲ. ಒಳಗಿರೋದು ಪುಸ್ತಕವೇ ಅಂತ ಬಿಚ್ಚಿ ನೋಡೋ ಹಾಗಿರಬೇಕಿತ್ತು. ಅಲ್ಲೇ ಬೆಂಚಿನ ಮೇಲೆ ಕೂತು ಬ್ಲೇಡಿನಲ್ಲಿ ಒಂದು ಕಡೆಯ ಹೊಲಿಗೆ ಬಿಚ್ಚಿದೆ. ಇನ್ನೊಂದಕ್ಕೆ ಒಳಗೆ ಪ್ಲಾಸ್ಟಿಕ್ ಸುತ್ತೋದು ಮರೆತೆ, ಎರಡು ಪುಸ್ತಕದ ಮೂಲೆ ಒದ್ದೆಯಾಗಿ ಬಂತು.

ರೈಲು ಹೋಗಿ ಬರಲು 1,800ರ ಆಸುಪಾಸು, ಲಾಡ್ಜು ಊಟ ಸೇರಿ 4,000, ಪುಸ್ತಕಕ್ಕೆ 5,500 ಇರಬಹುದು, ಅಂಚೆಗೆ 400. ವಿಮಾನದ ಟಿಕೆಟ್ಟೇ ಇದರ ಹತ್ತಿರ ಆಗ್ತಿತ್ತು.

2024ರ ಡಿಸೆಂಬರಿನಲ್ಲಿ ಆ ಬುಕ್ ಪೋಸ್ಟ್ ನಿಂತುಹೋಯ್ತು. ಆಗ ಪಾರ್ಸೆಲ್ ದರ ಅದರ ಹತ್ತಿರಕ್ಕೂ ಬರ್ತಿರಲಿಲ್ಲ, ತುಂಬಾ ಜಾಸ್ತಿ ಇತ್ತು. ಮುಂದಿನ ಸಲಕ್ಕೆ ಹಳೇ ತಗಡಿನ ಟ್ರಂಕಿಗೆ ಚಕ್ರ ಹಾಕಿಸಿ ನೋಡ್ತಿದ್ದೇನೆ. ಸದ್ಯಕ್ಕೆ 15 ಕಿಲೋ ತಡೀತಾ ಇದೆ.